ಹಳದಿ ಕಣ್ಣು ಗುಳಿಗೆಯದಲ್ಲ

ಮಾನ್ಯ ವಾಚಕ ಮಹಾಶಯರಲ್ಲಿ ಹಾಗೂ ಮಹನೀಯೆಯರಲ್ಲಿ ಈ ಬಡ ನಿರೂಪಕನ ಸವಿನಯ ವಿಜ್ಞಾಪನೆ. ಇಲ್ಲಿ ನಿವೇದಿಸಲಾಗುವ ವೃತ್ತಾಂತದಲ್ಲಿ ಪರಾಕ್ರಮವಿಲ್ಲ, ಪವಾಡವಂತೂ ಇಲ್ಲವೇ ಇಲ್ಲ. ಒಂದು ಲಾಂಡ್ರಿ, ಅದರ ಮಹಡಿಯಲ್ಲೊಂದು ಕೋಣೆ, ಆ ಕೋಣೆಯಲ್ಲಿ ಬಾಳುತ್ತಿದ್ದ ಇಬ್ಬರು ಗಂಡಸರು ಮತ್ತು ಅವರಲ್ಲೊಬ್ಬನ ಯಕೃತ್ತು, ಇಷ್ಟೇ ಇದರ ಸಾಮಗ್ರಿ. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ದಣಿದು ಬಂದವರು ಕುಳಿತು ಕೇಳಬೇಕು. ಕುಳಿತುಕೊಳ್ಳಲು ಸ್ಥಳವಿಲ್ಲದವರು ಗೋಡೆಗಾದರೂ ಒರಗಿಕೊಳ್ಳಬೇಕು.

ಈ ಸಲದ ಬೇಸಿಗೆಯಲ್ಲಿ ಊರಿನ ತುಂಬ ಕಾಮಾಲೆ ಹಬ್ಬಿತ್ತು. ಪ್ರತಿ ಬೀದಿಯಲ್ಲೂ ಒಬ್ಬಿಬ್ಬರು ಹಾಸಿಗೆ ಹಿಡಿದಿದ್ದರು. ಆರೋಗ್ಯ ಇಲಾಖೆಯ ವಾಹನ ದಿನವೂ ಬಂದು, ನೀರನ್ನು ಕುದಿಸಿ ಕುಡಿಯಿರಿ, ಶೌಚದ ನಂತರ ಸೋಪಿನಿಂದ ಕೈ ತೊಳೆಯಿರಿ ಎಂದು ಕೂಗಿ ಹೋಗುತ್ತಿತ್ತು. ಊರಿಂದೂರಿಗೆ ಅಲೆಯುವ ನಾನು ಲಾಂಡ್ರಿಯೊಂದರಲ್ಲಿ ಗಂಟು ಹೊರುತ್ತಿದ್ದೆ. ಲಾಡ್ಜುಗಳಿಂದ ಕೊಳೆಯಾದ ಹಾಸುಬಟ್ಟೆಗಳನ್ನು ತರುವುದು, ಒಗೆದು ಮಡಿಸಿದವನ್ನು ತಲುಪಿಸುವುದು, ಮತ್ತೆ ತರುವುದು. ಮುಗಿಯಿತು ಎನ್ನುವ ಕೆಲಸವಲ್ಲ ಅದು. ಜನರು ಮಲಗುವುದನ್ನು ಬಿಟ್ಟರೆ ಮಾತ್ರ ಮುಗಿದೀತು.

ಲಾಂಡ್ರಿಯ ಒಡತಿಯನ್ನು ನಾವೆಲ್ಲರೂ ಅಕ್ಕ ಎನ್ನುತ್ತಿದ್ದೆವು. ಆಕೆಯ ಒಡಹುಟ್ಟಿದ ತಮ್ಮ ಇಸ್ತ್ರಿ ಮೇಜಿನವನು. ಅವನು ನಮಗೆ ಇಸ್ತ್ರಿಯಣ್ಣ. ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುವ ದರ್ಜಿ ಅವನಿಗಿಂತ ಸಾಕಷ್ಟು ಚಿಕ್ಕವನು. ಈ ಇಬ್ಬರೂ ಮಹಡಿಯ ಕೋಣೆಯಲ್ಲಿ ಜೊತೆಯಾಗಿ ಬಾಳುತ್ತಿದ್ದರು. ಕೆಳಗೆ, ಗಿರಾಕಿಗಳ ಮುಂದೆ, ದರ್ಜಿ ಅವನನ್ನು ‘ಅಣ್ಣ, ನೀವು’ ಎಂದು ಮಾತನಾಡಿಸುತ್ತಿದ್ದ. ಮೇಲೆ ಬಾಗಿಲು ಮುಚ್ಚಿದೊಡನೆ ಏಕವಚನ. ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ನನಗೆ ಅದು ಕೇಳಿಸುತ್ತಿತ್ತು. ಅಕ್ಕನಿಗೂ ಎಲ್ಲವೂ ತಿಳಿದಿತ್ತು. ಇಬ್ಬರಿಗೂ ಎಚ್‌ಐವಿ ಇದೆಯೆಂಬುದೂ ತಿಳಿದಿತ್ತು. ತಿಳಿದವರು ಯಾರೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ.

ಇಸ್ತ್ರಿಯಣ್ಣ ಬಹುಕಾಲದಿಂದ ಗುಳಿಗೆ ನುಂಗಿ ಗಟ್ಟಿಮುಟ್ಟಾಗಿದ್ದವನು. ದರ್ಜಿಗೆ ಸೋಂಕು ಪತ್ತೆಯಾದದ್ದು ಹಿಂದಿನ ವರ್ಷ. ಅವನ ದೇಹದ ರೋಗನಿರೋಧಕ ಶಕ್ತಿ ಇನ್ನೂ ಕೆಳಮಟ್ಟದಲ್ಲೇ ಇತ್ತು. ಗುಳಿಗೆಯನ್ನು ಯಾವ ಹೊತ್ತಿಗೆ ನುಂಗಬೇಕು, ಹೊಟ್ಟೆ ತೊಳಸಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಅವನಿಗೆ ಹೇಳಿಕೊಟ್ಟವನು ಇಸ್ತ್ರಿಯಣ್ಣನೇ. ಗುಳಿಗೆಯ ವಿಷಯದಲ್ಲಿ ದರ್ಜಿಗೆ ಡಾಕ್ಟರ ಮಾತಿಗಿಂತ ಈತನ ಮಾತೇ ಹೆಚ್ಚು. ಅಪಾಯ ಬಂದದ್ದೂ ಆ ನಂಬಿಕೆಯ ದಾರಿಯಿಂದಲೇ.

ವಾಹನದ ಕೂಗನ್ನು ಕೇಳಿದಾಗ ಲಾಂಡ್ರಿಯಲ್ಲಿ ನಗು ಏಳುತ್ತಿತ್ತು.

“ನೀರು ಕುದಿಸ್ಬೇಕಂತೆ,” ಎಂದು ಅಕ್ಕ ಬಾಯ್ಲರಿನ ಕಡೆ ಕೈ ತೋರಿಸುತ್ತಿದ್ದಳು. “ಇಲ್ಲಿ ಬೆಳಗಾದ್ರೆ ಕುದಿಯೋದೇ. ನೀರಿನ ಜೊತೆ ನಾವೂ ಬೇಯ್ತಿದೀವಿ.”

“ಸೋಪಂತೆ!” ಎಂದು ಇಸ್ತ್ರಿಯಣ್ಣ ದನಿಗೂಡಿಸುತ್ತಿದ್ದ. “ನಮ್ಮ ಮೋರಿಗೆ ಹರಿಯೋ ಸೋಪಲ್ಲಿ ಅವರ ಗಾಡಿ ತೊಳೆದು ಕಳಿಸ್ಬೋದು.”

ಆದರೆ ಕುದಿಯುತ್ತಿದ್ದ ನೀರು ಬಟ್ಟೆಗೆ. ಕುಡಿಯುತ್ತಿದ್ದದ್ದು ನಲ್ಲಿಯ ಕೆಳಗಿಟ್ಟ ಕೊಡದಿಂದ, ಒಂದೇ ಲೋಟವನ್ನು ಅದ್ದಿ. ಒಗೆಯುವ ಕಟ್ಟೆಯ ಮೇಲೆ ಸೋಪಿನ ಪುಡಿಯ ಚೀಲಗಳನ್ನು ಆಳೆತ್ತರ ಪೇರಿಸಲಾಗಿತ್ತು. ಹಿತ್ತಿಲಿನ ಪಾಯಿಖಾನೆಯ ಬಳಿ ಸೋಪಿನ ಒಂದು ಚೂರೂ ಇರಲಿಲ್ಲ. ದಿನವಿಡೀ ಸೋಪಿನೊಡನೆ ಹೆಣಗುವವರಿಗೆ ಬೇರೆ ಸೋಪೇಕೆ ಎಂದು ಯಾರಿಗೂ ಅದರ ನೆನಪಾಗಿರಲಿಲ್ಲ.

ಒಂದು ಮಧ್ಯಾಹ್ನ ನಾನು ಗಂಟು ಇಳಿಸಿದಾಗ ಇಸ್ತ್ರಿಯಣ್ಣ ಮೇಜಿಗೆ ಎರಡೂ ಕೈ ಊರಿ ನಿಂತಿದ್ದ. ಗಂಜಿ ಹಾಕಿದ ಬಟ್ಟೆಯಿಂದ ಏಳುವ ಹಬೆಯ ವಾಸನೆಗೆ ಅವನಿಗೆ ವಾಕರಿಕೆ ಬರುತ್ತಿತ್ತು. ನಾಲ್ಕಾರು ದಿನಗಳಿಂದ ಅವನು ತಟ್ಟೆಯ ಮುಂದೆ ಕುಳಿತು ಹಾಗೇ ಏಳುತ್ತಿದ್ದುದನ್ನು ನಾನು ಕಂಡಿದ್ದೆ. ಮುಖವೆತ್ತಿದಾಗ ಕಣ್ಣಿನ ಬಿಳುಪಿನಲ್ಲಿ ಹಳದಿ ಇಳಿದಿತ್ತು.

“ಅಣ್ಣ, ಕಣ್ಣು ಹಳದಿ ಆಗಿದೆಯಲ್ಲ!” ಎಂದೆ.

“ನೀನೀಗ ನೋಡ್ದೆಯಾ? ದರ್ಜಿ ನಿನ್ನೇನೇ ನೋಡಿ ಅಳೋಕೆ ಶುರು ಮಾಡ್ದ,” ಎಂದು ಅವನು ದಣಿದ ನಗೆ ನಕ್ಕ. “ಏನಿಲ್ಲ ಕಣೋ. ಗುಳಿಗೆ ಆಟ ಇದು. ಹಿಂದೆ ನಂಗೊಂದು ಗುಳಿಗೆ ಕೊಡ್ತಿದ್ರು, ಅದನ್ನ ನುಂಗಿದಷ್ಟು ಕಾಲ ಕಣ್ಣು ಹಿಂಗೇ ಇತ್ತು. ಬೀದಿಲಿ ನನ್ನ ಗೂಬೆ ಅಂತಿದ್ರು. ಡಾಕ್ಟ್ರೇ ಹೇಳಿದ್ರು, ಇದು ಬಣ್ಣ ಅಷ್ಟೇ, ಕಾಯಿಲೆ ಅಲ್ಲ, ಹೆದರ್ಬೇಡ ಅಂತ.”

“ಆ ಗುಳಿಗೆ ಬದಲಾಯಿಸಿದ್ರಲ್ಲ?”

“ಬದಲಾಯಿಸಿದ್ರು. ಈಗ ಇದೂ ಅದೇ ಚಾಳಿ ಕಲ್ತಿದೆ. ಒಂದಷ್ಟು ದಿನ ನುಂಗದೆ ಬಿಟ್ರೆ ತಾನಾಗೇ ಇಳಿಯುತ್ತೆ.”

ಹೊಲಿಗೆ ಯಂತ್ರ ತಟಕ್ಕನೆ ನಿಂತಿತು. ಮೂಲೆಯಿಂದ ದರ್ಜಿ ಕೇಳಿದ: “ಹಾಗಾದ್ರೆ ನಾನೂ ಬಿಡ್ಲಾ ಅಣ್ಣ? ನಮ್ಮಿಬ್ಬರದ್ದೂ ಒಂದೇ ಗುಳಿಗೆ.”

ಇಸ್ತ್ರಿಯಣ್ಣ ಮುಂದಿನ ಹಾಸುಬಟ್ಟೆಯನ್ನು ಮೇಜಿಗೆ ಎಳೆದುಕೊಂಡ. ಅವನಿಗೂ ಗೊತ್ತಿರಲಿಲ್ಲವೆಂದು ನನಗೆ ಆಗಲೇ ಅನ್ನಿಸಿತು.

ಅಂದು ರಾತ್ರಿ ಗೋಡೆಯಾಚೆಯಿಂದ ಮಾತು ಕೇಳಿಬಂತು. ಮೊದಲು ದರ್ಜಿಯ ದನಿ.

“ನಾಳೆ ಗುಳಿಗೆ ಕೊಡೋ ಕೇಂದ್ರಕ್ಕೆ ಹೋಗೋಣ.”

“ಹೋಗಿ? ಹೊಸ ಮೇಜು, ಹೊಸ ಮುಖ. ಯಾವಾಗಿಂದ, ಯಾರಿಂದ, ಯಾರ ಜೊತೆ ಇದೀಯಾ, ಮದುವೆ ಯಾಕಾಗ್ಲಿಲ್ಲ. ಹೇಳಿ ಹೇಳಿ ನನ್ನ ಬಾಯಿ ಸವೆದುಹೋಯ್ತು. ಇನ್ನೊಂದ್ಸಲ ಆಗಲ್ಲ ನನ್ನ ಕೈಲಿ.”

ದರ್ಜಿ ದನಿ ತಗ್ಗಿಸಿದ.

“ಈ ಕಾಮಾಲೆ ನಮ್ಮಂಥೋರಲ್ಲಿ ತುಂಬ ಓಡಾಡ್ತಿದೆಯಂತೆ. ಸ್ನೇಹಿತ್ರಲ್ಲೇ ಮೂರ್ನಾಕು ಜನಕ್ಕೆ.”

“ಅಂದ್ರೆ? ನಾನೆಲ್ಲಿಂದಲೋ ತಂದೆ ಅಂತಾನಾ?”

“ಎಲ್ಲಿಂದ ತಂದೆ ಅಂತ ನಾನು ಕೇಳಿದ್ನಾ?”

“ಕೇಳಲಿಲ್ಲ. ಅದಕ್ಕೇ ಭಯ.”

ಮರುದಿನ ಅಕ್ಕ ನನ್ನನ್ನು ಕರೆದಳು. ಕೈಯಲ್ಲಿ ಚಪ್ಪಲಿ ಹಿಡಿದಿದ್ದಳು, ಮೆಟ್ಟಿಕೊಳ್ಳುವುದನ್ನೂ ಮರೆತಿದ್ದಳು. “ಏ ಸಂಚಾರಿ, ನಿಂಗೆ ಆ ಗುಳಿಗೆ ಕೊಡೋ ಜಾಗ ಗೊತ್ತಲ್ಲ? ಮುಂದೆ ನಡಿ. ನಾನು ಹಿಂದೆ ಬರ್ತೀನಿ.”

ಇಷ್ಟು ವರ್ಷ ಆಕೆ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಚಿಕಿತ್ಸಾ ಕೇಂದ್ರದ ಬಾಗಿಲಿನಲ್ಲಿ ಒಮ್ಮೆ ನಿಂತಳು. ಒಳಗೆ ಬೆಂಚುಗಳ ತುಂಬ ಜನ; ಅವರಲ್ಲಿ ಹಲವರ ಕಣ್ಣು ಹಳದಿ. ನರ್ಸಮ್ಮನೊಬ್ಬರು ಬೆಳಗಿನಿಂದ ಕುಳಿತಿರಲೇ ಇಲ್ಲವೆಂಬುದು ಅವರ ನಡಿಗೆಯಿಂದಲೇ ತಿಳಿಯುತ್ತಿತ್ತು. ಅಕ್ಕ ಅವರ ಮುಂದೆ ನಿಂತು, ಬೇಕೆಂದೇ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: “ನನ್ನ ತಮ್ಮ ನಿಮ್ಮ ಹತ್ರ ಗುಳಿಗೆ ತಗೊಳ್ತಾನೆ. ಕಣ್ಣು ಹಳದಿ ಆಗಿದೆ. ಗುಳಿಗೆ ಬಿಟ್ಟು ಕೂತಿದಾನೆ.”

ನರ್ಸಮ್ಮ ಆಕೆಯನ್ನು ಮೆಲ್ಲನೆ ಪಕ್ಕಕ್ಕೆ ಕರೆದೊಯ್ದರು. “ಅಮ್ಮ, ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಯಾರಿಗೂ ಹೇಳೋ ಹಾಗಿಲ್ಲ. ನಿಮಗೂ ಹೇಳಲ್ಲ. ಆದ್ರೆ ಕಾಮಾಲೆ ಇರೋ ಮನೆಗೆ ಹೋಗೋದು ಈಗ ನನ್ನ ಕೆಲಸ. ಮನೆ ತೋರ್ಸಿ.”

ಸಂಜೆ ಬಾಯ್ಲರ್ ಆರಿದ ಮೇಲೆ ನರ್ಸಮ್ಮ ಬಂದರು. ಮಹಡಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಅಗಲವಾದ ಮಂಚ, ಕಿಟಕಿಯಲ್ಲಿ ಒಣಹಾಕಿದ ಎರಡು ಅಂಗಿ. ಇಸ್ತ್ರಿಯಣ್ಣ ಎದ್ದು ಕುಳಿತ. ಅಕ್ಕನನ್ನು ನೋಡಿ, “ಊರಿಗೆಲ್ಲ ಡಂಗುರ ಹೊಡ್ದು ಬಂದ್ಯಾ?” ಎಂದ.

“ಹೊಡ್ದೆ. ಕಿವಿ ಕೇಳಿಸ್ದೇ ಇರೋನು ನೀನೊಬ್ನೇ.”

“ಜಗಳ ಆಮೇಲೆ ಆಡಿ,” ಎಂದು ನರ್ಸಮ್ಮ ಕುರ್ಚಿ ಎಳೆದುಕೊಂಡರು. “ನನಗೆ ಐದು ನಿಮಿಷ ಕೂರೋಕೆ ಸಿಕ್ಕಿದೆ, ಕೆಡಿಸ್ಬೇಡಿ. ಅಣ್ಣ, ಹಳೇ ಗುಳಿಗೆ ಕಾಲದಲ್ಲೂ ಕಣ್ಣು ಹಳದಿ ಇತ್ತು ಅಂತ ನಿಮ್ಮಕ್ಕ ಹೇಳಿದ್ರು, ಸರಿ. ಆಗ ಊಟ ಸೇರ್ತಿತ್ತಾ?”

“ಸೇರ್ತಿತ್ತು. ಇವನ ಪಾಲನ್ನೂ ತಿಂತಿದ್ದೆ.”

“ಜ್ವರ, ಸುಸ್ತು?”

“ಇರಲಿಲ್ಲ.”

“ಮೂತ್ರ?”

“ಎಲ್ಲರ ಹಾಗೇ.”

“ಈಗ?”

ಅವನು ಗೋಡೆಯ ಕಡೆ ನೋಡಿದ. ಉತ್ತರ ಕೊಟ್ಟವನು ದರ್ಜಿ. “ಹಾಲು ಹಾಕದ ಟೀ ಥರ ಇದೆ ಸಿಸ್ಟರ್. ಬಲಗಡೆ ಪಕ್ಕೆ ಕೆಳಗೆ ನೋವು ಅಂತಾರೆ. ಮೊದಲು ಜ್ವರಾನೂ ಬಂದಿತ್ತು.”

“ಹಾಗಾದ್ರೆ ಗುಳಿಗೆ ಮೇಲೆ ಗೂಬೆ ಕೂರಿಸ್ಬೇಡಿ. ಆಗ ಆಗಿದ್ದು ಬರೀ ಬಣ್ಣ. ಇದು ನೋಡಿದ್ರೆ ಹೆಪಟೈಟಿಸ್ ಎ ಥರ ಇದೆ; ಲಿವರ್‌ಗೆ ಬರೋ ವೈರಸ್. ಖಚಿತ ಆಗೋಕೆ ರಕ್ತ ಪರೀಕ್ಷೆನೇ ಆಗ್ಬೇಕು, ಕಣ್ಣು ನೋಡಿ ನಾನೂ ಹೇಳ್ಬಾರ್ದು, ನೀವೂ ಹೇಳ್ಬಾರ್ದು.”

“ನಂಗೆ ಹೆಂಗೆ ಬರುತ್ತೆ ಸಿಸ್ಟರ್? ದಿನಾ ಬಿಸಿ ಇಸ್ತ್ರಿ ಹಿಡಿಯೋ ಕೈ ಇದು. ಯಾವ ಕ್ರಿಮಿ ಬದುಕುತ್ತೆ?”

“ಇಸ್ತ್ರಿನ ಬಟ್ಟೆ ಮೇಲೆ ಇಡ್ತೀರೋ, ಅಂಗೈ ಮೇಲೆ ಇಡ್ತೀರೋ?”

ದರ್ಜಿ ನಗುವನ್ನು ತಡೆಯಲಾಗದೆ ಕೆಮ್ಮಿದ. ಇಸ್ತ್ರಿಯಣ್ಣನಿಗೂ ಬಾಯಂಚಿನಲ್ಲಿ ನಗು ಬಂತು, ಆದರೆ ನಿಲ್ಲಲಿಲ್ಲ.

ನರ್ಸಮ್ಮ ಮುಂದುವರಿಸಿದರು. “ಈ ವೈರಸ್ ಮಲದಿಂದ ಬಾಯಿಗೆ ಹೋಗುತ್ತೆ. ಕುಡಿಯೋ ನೀರಲ್ಲಿ, ತಿನ್ನೋದ್ರಲ್ಲಿ, ಸರಿಯಾಗಿ ತೊಳೀದೇ ಇರೋ ಕೈಯಲ್ಲಿ. ಹಾಸಿಗೇಲೂ ಹೋಗುತ್ತೆ. ಅಕ್ಕ ಇದಾರೆ ಅಂತ ನಾನು ಸುತ್ತಿ ಬಳಸಿ ಹೇಳಲ್ಲ; ಬೆರಳೋ ಬಾಯೋ ಹಿಂಭಾಗಕ್ಕೆ, ಅಂದ್ರೆ ಗುದದ್ವಾರಕ್ಕೆ, ತಾಗಿದ್ರೆ ಸಾಕು. ಕಾಂಡೋಮ್ ಬೇರೆ ಕಾಯಿಲೆ ತಡೆಯುತ್ತೆ, ಅದನ್ನ ಬಿಡ್ಬೇಡಿ; ಆದ್ರೆ ಇದನ್ನ ತಡೆಯೋಕೆ ಅದೊಂದೇ ಸಾಲದು.”

ಅಕ್ಕ ಮಂಚದ ಮೇಲಿನ ಹಾಸುಬಟ್ಟೆಯನ್ನು ಎತ್ತಿ ಮಡಿಸಲು ಆರಂಭಿಸಿದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. “ನೀವು ಹೇಳ್ತಿರಮ್ಮ,” ಎಂದಳು, “ನಾನೇನೂ ಕೇಳಿಸ್ಕೊಳ್ತಿಲ್ಲ.”

“ಕೇಳಿಸ್ಕೊಳ್ಳಿ ಅಕ್ಕ, ನಿಮ್ಮ ಪಾಯಿಖಾನೆ ವಿಷಯನೂ ಇದೆ. ಅಲ್ಲಿ ಸೋಪಿಲ್ಲ, ನೋಡ್ಕೊಂಡೇ ಬಂದೆ.”

ಲಾಂಡ್ರಿಯ ಒಡತಿಯ ಮುಖ ಕೆಂಪೇರಿದ್ದನ್ನು ನಾನು ಅಂದೇ ಮೊದಲ ಬಾರಿಗೆ ಕಂಡೆ.

ಆಮೇಲೆ ನರ್ಸಮ್ಮ ದರ್ಜಿಯ ಕಡೆ ತಿರುಗಿದರು. “ಎಚ್‌ಐವಿ ಇರೋರ ಮೈಯಲ್ಲಿ ಈ ವೈರಸ್ ಬೇರೆಯವ್ರಿಗಿಂತ ಹೆಚ್ಚು ದಿನ ಉಳೀಬಹುದು. ಅಷ್ಟು ದಿನವೂ ಬೇರೆಯವ್ರಿಗೆ ದಾಟ್ತಾ ಇರುತ್ತೆ. ಕಣ್ಣು ಹಳದಿ ಆಗೋಕೆ ಮೊದಲೇ ದಾಟೋಕೆ ಶುರು ಆಗಿರುತ್ತೆ. ನಿಮಗೆ ಈ ಕಾಯಿಲೆ ಹಿಂದೆ ಬಂದಿತ್ತಾ? ಇದರ ಲಸಿಕೆ ಹಾಕಿಸ್ಕೊಂಡಿದೀರಾ?”

“ಇಲ್ಲ. ಅಣ್ಣ ಬೇಡ ಅಂದಿದ್ರು.”

“ನಾನ್ಯಾವಾಗ ಬೇಡ ಅಂದೆ?”

“ಹೋದ ತಿಂಗಳು ಕೇಂದ್ರದಲ್ಲಿ ಹಾಕಿಸ್ಕೊಳ್ಳಿ ಅಂದಾಗ. ಇನ್ನೊಂದು ಸೂಜಿ ಯಾಕೆ, ಗುಳಿಗೆನೇ ಸಾಕು ಅಂತ ನೀನೇ ಹೇಳಿದ್ದು.” ದರ್ಜಿ ಅಕ್ಕನ ಮುಂದೆಯೇ ಏಕವಚನದಲ್ಲಿ ಮಾತನಾಡಿದ್ದ. ಅದನ್ನು ಗಮನಿಸುವಷ್ಟು ಬಲ ಯಾರಿಗೂ ಉಳಿದಿರಲಿಲ್ಲ.

“ಇವನಿಗೆ ಬರುತ್ತಾ?” ಎಂದು ಇಸ್ತ್ರಿಯಣ್ಣ ಕೇಳಿದ. ಅವನ ದನಿ ಬದಲಾಗಿತ್ತು.

“ಈಗಾಗ್ಲೇ ಒಳಗೆ ಸೇರಿರ್ಬೋದು, ಸೇರಿಲ್ದೇನೂ ಇರ್ಬೋದು. ಸುಳ್ಳು ಧೈರ್ಯ ಹೇಳೋಕೆ ನಂಗೆ ಬರಲ್ಲ. ಸೋಂಕಿರೋರ ಜೊತೆ ಇದ್ದು ಎರಡು ವಾರದೊಳಗೆ ಲಸಿಕೆ ಹಾಕಿಸಿದ್ರೆ ತಡೆಯೋ ಅವಕಾಶ ಇರುತ್ತೆ; ಬೇಗ ಆದಷ್ಟೂ ಒಳ್ಳೇದು. ಇವರ ಶಕ್ತಿ ಕಡಿಮೆ ಇರೋದ್ರಿಂದ ಲಸಿಕೆ ಒಂದೇ ಸಾಲದೇ ಹೋಗ್ಬೋದು, ಜೊತೆಗೆ ಸಿದ್ಧ ಪ್ರತಿಕಾಯಗಳ, ಅಂದ್ರೆ ವೈರಸ್ ಜೊತೆ ಹೋರಾಡೋ ಅಂಶಗಳ, ಇನ್ನೊಂದು ಸೂಜಿ ಬೇಕಾ ಅಂತ ಡಾಕ್ಟ್ರು ನೋಡ್ತಾರೆ. ಕೆಲವು ತಿಂಗಳು ಬಿಟ್ಟು ಮತ್ತೆ ಲಸಿಕೆ ಇದೆ. ಅದು ಮೈಗೆ ಹತ್ತಿದೆಯಾ ಅಂತ ರಕ್ತ ಪರೀಕ್ಷೆನೂ ಮಾಡ್ಬೇಕಾಗ್ಬೋದು.”

“ನಮ್ಮಂಥೋರಿಗೆ ಆ ಲಸಿಕೆ ತಡ್ಕೊಳ್ಳುತ್ತಾ?” ಎಂದ ದರ್ಜಿ.

“ನಿಮಗೆ ಹಾಕೋದು ಸತ್ತ ವೈರಸ್ಸಿಂದ ಮಾಡಿದ್ದು. ಅದರಿಂದ ಕಾಯಿಲೆ ಬರಲ್ಲ, ನಿಮ್ಮ ಗುಳಿಗೆ ಜೊತೆ ಜಗಳಾನೂ ಆಡಲ್ಲ. ಎಲ್ಲೇ ಹಾಕಿಸ್ಕೊಂಡ್ರೂ ಎಚ್‌ಐವಿ ಇದೆ ಅಂತ ಹೇಳಿ, ಸರಿಯಾದ ಲಸಿಕೆ ಆರಿಸ್ತಾರೆ. ಅಣ್ಣ, ನೀವು ಗುಳಿಗೆ ನಿಲ್ಸಿದ್ದು ತಪ್ಪು. ಲಿವರ್ ತುಂಬ ಕೆಟ್ಟಿದ್ರೆ ಗುಳಿಗೆ ನಿಲ್ಸೋದೋ, ಬದಲಾಯಿಸೋದೋ ಡಾಕ್ಟ್ರು ಹೇಳ್ಬೇಕು. ನಾವಾಗೇ ನಿಲ್ಸಿದ್ರೆ ಅಡಗಿ ಕೂತಿರೋ ಎಚ್‌ಐವಿ ಮತ್ತೆ ತಲೆ ಎತ್ತುತ್ತೆ. ಬೇರು, ಸೊಪ್ಪು, ಪುಡಿ ಅಂತ ಕಂಡೋರು ಕೊಟ್ಟ ಮದ್ದು ತಗೋಬೇಡಿ. ಕುಡಿತಾನೂ ಬೇಡ.”

“ಕುಡಿಯೋಕೆ ನಾಲಿಗೆ ಎಲ್ಲಿದೆ,” ಎಂದ ಅವನು. ಬಳಿಕ ದರ್ಜಿಯ ಕಡೆ ಕೈ ತೋರಿಸಿದ. “ನಾಳೆ ಇವನು ಒಬ್ನೇ ಬಂದ್ರೆ ಆಗಲ್ವಾ? ನನ್ನ ಕೈಲಿ ಮತ್ತೆ ಆ ಕತೆಯೆಲ್ಲ ಹೇಳೋಕಾಗಲ್ಲ ಸಿಸ್ಟರ್.”

“ಒಬ್ರೇ ಬಂದ್ರೆ ಇವರು ಏನಂತ ಹೇಳ್ತಾರೆ? ‘ಅಣ್ಣನಿಗೆ ಕಾಮಾಲೆ’ ಅಂತಾರೆ. ಅಣ್ಣ ತಮ್ಮ ಅಂದ್ರೆ ಬೇರೆ ಹಾಸಿಗೆ ಅನ್ಕೋತಾರೆ. ಎಷ್ಟು ಹತ್ತಿರ ಇದ್ರು ಅಂತ ಗೊತ್ತಾಗ್ದೇ ಡಾಕ್ಟ್ರು ಹೇಗೆ ನಿರ್ಧಾರ ಮಾಡ್ತಾರೆ? ನಿಮ್ಮ ಇಡೀ ಜೀವನ ಕತೆ ನಂಗೆ ಬೇಡ ಅಣ್ಣ. ಎಲ್ಲಿಂದ ಬಂತು ಅಂತಾನೂ ಬೇಡ. ಒಂದು ಲೋಟ ನೀರಿಂದಾನೂ ಬಂದಿರ್ಬೋದು. ಇವತ್ತು ಯಾರ ಜೊತೆ ಬಾಳ್ತಿದೀರಿ, ಅಷ್ಟೇ ಸಾಕು.”

ನರ್ಸಮ್ಮ ಎದ್ದರು. ಮೆಟ್ಟಿಲಿಳಿಯುವಾಗ ಕೈಗಂಬಿ ಹಿಡಿದು ಒಂದು ಕ್ಷಣ ನಿಂತುಕೊಂಡರು. ಇನ್ನೂ ಎರಡು ಮನೆಗಳಿವೆ ಎಂದರು.

ಬೆಳಿಗ್ಗೆ ನಾವು ನಾಲ್ವರೂ ಹೊರಟೆವು. ಲಾಂಡ್ರಿಯ ಬಾಗಿಲು ಹಗಲಿನಲ್ಲಿ ಮುಚ್ಚಿದ್ದನ್ನು ಕಂಡ ಬೀದಿಯವರು, ಯಾರು ತೀರಿಕೊಂಡರು ಎಂದು ವಿಚಾರಿಸಿದರು. “ಯಾರೂ ತೀರ್ಕೊಳ್ಬಾರ್ದು ಅಂತಲೇ ಹೋಗ್ತಿರೋದು,” ಎಂದು ಅಕ್ಕ ನಿಲ್ಲದೆ ನಡೆದಳು. ಇಸ್ತ್ರಿಯಣ್ಣ ಎರಡು ಕಡೆ ಕುಳಿತು ಸುಧಾರಿಸಿಕೊಂಡ. ಎರಡನೆಯ ಕಡೆ, “ನೀವು ಹೋಗಿರಿ” ಎಂದ. ದರ್ಜಿ ಅವನ ಪಕ್ಕದಲ್ಲೇ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಎದ್ದರು.

ಕೇಂದ್ರದ ಮೇಜಿನಲ್ಲಿ, ಅವನು ಹೆದರಿದ್ದಂತೆಯೇ, ಹೊಸ ಮುಖ. ಕನ್ನಡಕದ ಯುವತಿ ತಲೆಯೆತ್ತದೆ ದರ್ಜಿಯನ್ನು ಕೇಳಿದಳು: “ಮನೇಲಿ ಯಾರಿಗೆ ಕಾಮಾಲೆ? ಅವರು ನಿಮಗೆ ಏನಾಗ್ಬೇಕು?”

ದರ್ಜಿ ಬಾಯಿ ತೆರೆದ. ಅಭ್ಯಾಸಬಲದಿಂದ ‘ಅ’ ಎಂಬ ಅಕ್ಷರ ತುಟಿಯವರೆಗೆ ಬಂದೇಬಿಟ್ಟಿತ್ತು.

“ನಂಗೆ ಕಾಮಾಲೆ,” ಎಂದ ಇಸ್ತ್ರಿಯಣ್ಣ, ಮೇಜಿನ ಅಂಚು ಹಿಡಿದು. “ಇವನು ನನ್ನ ಜೊತೆಗಾರ. ಒಂದೇ ಕೋಣೆ, ಒಂದೇ ಹಾಸಿಗೆ. ಇವನಿಗೆ ಶಕ್ತಿ ಕಮ್ಮಿ ಇದೆ. ನನ್ನ ಪರೀಕ್ಷೆ ತಡ ಆದ್ರೂ ಪರವಾಗಿಲ್ಲ, ಸೂಜಿ ಮೊದ್ಲು ಇವನಿಗೆ ಹಾಕಿ ತಾಯಿ.”

ಯುವತಿ ತಲೆಯೆತ್ತಿದಳು. “ಕೂತ್ಕೊಳ್ಳಿ ಸರ್, ನಿಂತ್ಕೋಬೇಡಿ,” ಎಂದು ಕುರ್ಚಿ ತೋರಿಸಿದಳು. ಅವಳು ಬೇರೇನನ್ನೂ ಕೇಳಲಿಲ್ಲ. ಇಸ್ತ್ರಿಯಣ್ಣ ಕುರ್ಚಿಯಲ್ಲಿ ಕುಳಿತವನು ಹಿಂದಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದ. ಅಷ್ಟು ವರ್ಷಗಳ ದಣಿವು ಅವನ ಮುಖದ ಮೇಲೆ ಒಮ್ಮೆಗೇ ಕಂಡಿತು.

ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಎಂದೇ ಖಚಿತವಾಯಿತು. ಕೆಲವು ದಿನ ಅವನನ್ನು ಆಸ್ಪತ್ರೆಯಲ್ಲಿಟ್ಟುಕೊಂಡರು. ಯಕೃತ್ತಿನ ಸ್ಥಿತಿಯನ್ನು ನೋಡಿಕೊಂಡು ಡಾಕ್ಟರೇ ಗುಳಿಗೆಯನ್ನು ಮತ್ತೆ ಆರಂಭಿಸಿದರು. ದರ್ಜಿಗೆ ಲಸಿಕೆಯನ್ನೂ ಪ್ರತಿಕಾಯದ ಸೂಜಿಯನ್ನೂ ಅಂದೇ ಕೊಟ್ಟರು. ಅಕ್ಕನಿಗೂ ನನಗೂ ಲಸಿಕೆಯಾಯಿತು. ಇಸ್ತ್ರಿಯಣ್ಣ ಮನೆಗೆ ಮರಳಿದ ಮೇಲೆ ಡಾಕ್ಟರು ಸಾಕೆನ್ನುವವರೆಗೆ ಬೇರೆ ಹಾಸಿಗೆ, ಬೇರೆ ಟವೆಲು. ಅಡುಗೆಯ ಪಾತ್ರೆಗೆ ಅವನ ಕೈ ಸೋಕುವಂತಿಲ್ಲ. ಪಾಯಿಖಾನೆಯ ಬಳಿ ಅಕ್ಕ ಸೋಪನ್ನು ದಾರದಿಂದ ಕಟ್ಟಿ ತೂಗುಹಾಕಿದಳು. ಕುಡಿಯುವ ನೀರಿಗೆ ಬೇರೆ ಒಲೆ ಬಂತು.

ಕಾಯುವ ವಾರಗಳು ಮಾತ್ರ ನಿಧಾನವಾಗಿ ಸರಿದವು. ದರ್ಜಿಗೆ ಸ್ವಲ್ಪ ತಲೆನೋವು ಬಂದರೂ ಮನೆ ಸ್ತಬ್ಧವಾಗುತ್ತಿತ್ತು. ಒಮ್ಮೆ ಅವನು ಊಟ ಬೇಡವೆಂದಾಗ ಇಸ್ತ್ರಿಯಣ್ಣ ಬಾಗಿಲ ಹೊರಗಿನಿಂದಲೇ ಅಂಗಲಾಚಿದ. “ಒಂದು ತುತ್ತು ತಿನ್ನೋ, ನಾನು ನೋಡ್ತಿರ್ತೀನಿ.” ಅಂದು ಅವನು ಊಟ ಬೇಡವೆಂದದ್ದು ಅಕ್ಕ ಉಪ್ಪು ಹೆಚ್ಚು ಹಾಕಿದ್ದಕ್ಕೆ. ಕೇಂದ್ರದವರು ಹೇಳಿದ್ದ ಅವಧಿ ಮುಗಿದಾಗ ದರ್ಜಿಯ ರಕ್ತವನ್ನು ಮತ್ತೆ ಪರೀಕ್ಷಿಸಿದರು. ರೋಗ ಅವನಿಗೆ ದಾಟಿರಲಿಲ್ಲ. ಸುದ್ದಿ ತಿಳಿದು ಯಾರೂ ಕುಣಿಯಲಿಲ್ಲ. ಇಸ್ತ್ರಿಯಣ್ಣ ಹೊಲಿಗೆ ಯಂತ್ರದ ಪಕ್ಕದ ಗಂಟಿನ ಮೇಲೆ ಕುಳಿತು, ಗಿರಾಕಿಗಳು ನೋಡುತ್ತಿದ್ದಂತೆಯೇ ನಿದ್ದೆ ಹೋದ. ದರ್ಜಿ ಯಂತ್ರವನ್ನು ನಿಲ್ಲಿಸಿದ.

ಓದುಗರೇ, ಕೇಳುಗರೇ, ನಿಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ನಿಮಗೆ ಎಚ್‌ಐವಿ ಇದ್ದರೆ, ಅಥವಾ ನೀವು ಗಂಡಸರನ್ನು ಪ್ರೀತಿಸುವ ಗಂಡಸಾಗಿದ್ದರೆ, ಊರಿನಲ್ಲಿ ಕಾಮಾಲೆ ಏಳುವವರೆಗೆ ಕಾಯಬೇಡಿ. ಹೆಪಟೈಟಿಸ್ ಎ ಲಸಿಕೆಯ ಬಗ್ಗೆ ನಿಮ್ಮ ಚಿಕಿತ್ಸಾ ಕೇಂದ್ರದಲ್ಲಿ ಇಂದೇ ಕೇಳಿ, ಹೇಳಿದಷ್ಟು ಸಲವೂ ಹಾಕಿಸಿಕೊಳ್ಳಿ. ಕಣ್ಣು ಹಳದಿಯಾದರೆ, ಮೂತ್ರ ಟೀ ಬಣ್ಣಕ್ಕೆ ತಿರುಗಿದರೆ ಕಾರಣವನ್ನು ನೀವೇ ತೀರ್ಮಾನಿಸಬೇಡಿ, ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಜೊತೆಯಲ್ಲಿ ಬಾಳುವವರನ್ನೂ ಕೂಡಲೇ ಕರೆದುಕೊಂಡು ಹೋಗಿ. ಕುದಿಸಿದ ನೀರು ಕುಡಿಯಿರಿ; ಶೌಚದ ನಂತರವೂ ಊಟಕ್ಕೆ ಮೊದಲೂ ಸೋಪು ಹಚ್ಚಿ ಕೈ ತೊಳೆಯಿರಿ. ಮತ್ತೆ ಮತ್ತೆ ಹೇಳಿಕೊಳ್ಳುವುದು ಬೇಸರದ ಕೆಲಸವೆಂದು ನಾನು ಬಲ್ಲೆ. ಆದರೂ ಒಂದು ಸಲ ಹೇಳಿ. ನಿಮ್ಮ ಒಂದು ಮಾತಿಗಾಗಿ ಪಕ್ಕದ ಕುರ್ಚಿಯಲ್ಲಿ ಒಬ್ಬರ ಜೀವ ಕಾದು ಕುಳಿತಿರಬಹುದು.

ನನ್ನ ಚೀಲದಲ್ಲಿ ಎರಡು ಅಂಗಿ, ಒಂದು ಕಂಬಳಿ, ನನ್ನದೇ ಆದ ಒಂದು ಲೋಟ. ಹಾಸಿಗೆಯನ್ನು ಸುತ್ತಿ ಹಗ್ಗ ಬಿಗಿದಿದ್ದೇನೆ. ಎರಡನೆಯ ಲಸಿಕೆಗೆ ಇನ್ನೂ ಕೆಲವು ತಿಂಗಳುಗಳಿವೆ. ಆ ಹೊತ್ತಿಗೆ ಯಾವ ಊರಿನಲ್ಲಿರುತ್ತೇನೋ, ಅಲ್ಲಿಯೇ ತೋಳು ಚಾಚುತ್ತೇನೆ. ಕೆಳಗೆ ಅಕ್ಕ, ಉಂಡು ಹೋಗೋ ಎಂದು ಕೂಗುತ್ತಿದ್ದಾಳೆ. ಉಂಡು, ಹೊರಡುತ್ತೇನೆ.